ಜಾಪಿಯರ್ ಸಾಕಾ, ಸ್ವಂತ ಸರ್ವರ್ ಬೇಕಾ?

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ, ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವಾಗ, ಒಮ್ಮೆಯಂತೂ ಅಡಿಕೆ ಸುಲಿಯುವ ಚಪ್ಪರದಲ್ಲೇ ಎದುರಾದ ಪ್ರಶ್ನೆ ಇದು: "ನಮ್ಮ ಬುಕಿಂಗು, ಪೇಮೆಂಟು, ವಾಟ್ಸಾಪು ಎಲ್ಲ ಒಂದಕ್ಕೊಂದು ಜೋಡಿಸ್ಬೇಕು ಮಾರಾಯ್ರೆ. ದುಡ್ಡು ಕೊಟ್ಟು ಜಾಪಿಯರ್, ಮೇಕ್ ಥರದ್ದು ತಗೊಳ್ಳೋದಾ, ಇಲ್ಲ ಸುಪಾಬೇಸ್ ಥರದ ಓಪನ್ ಸೋರ್ಸ್ ನಾವೇ ಹಾಕ್ಕೊಳ್ಳೋದಾ? ಅದು ಫ್ರೀ ಅಂತಲ್ಲ?" ಕೇಳುವವರು ಹೋಂಸ್ಟೇ ನಡೆಸುವವರು, ಟ್ಯೂಷನ್ ಸೆಂಟರಿನವರು, ಬೆಂಗಳೂರಿನ ಕೆಲಸ ಬಿಟ್ಟು ಬಂದು ಜೇನುತುಪ್ಪ, ಕಾಳುಮೆಣಸು ಆನ್‌ಲೈನಿನಲ್ಲಿ ಮಾರುತ್ತಿರುವ ಹುಡುಗರು.

ಮೊದಲು ಒಂದು ಗಂಟು ಬಿಡಿಸಬೇಕು. ಇವೆರಡೂ ಒಂದೇ ಜಾತಿಯ ವಸ್ತುಗಳಲ್ಲ. ಗುಡ್ಡದ ಅಬ್ಬಿ ನೀರನ್ನು ಹಿಂದೆ ಅಡಿಕೆ ದಬ್ಬೆಯಲ್ಲಿ, ಈಗ ಕಪ್ಪು ಪೈಪಿನಲ್ಲಿ ಮನೆಗೆ ತರುತ್ತೇವಲ್ಲ, ಜಾಪಿಯರ್, ಮೇಕ್ ಥರದ ಇಂಟಿಗ್ರೇಷನ್ ಪ್ಲಾಟ್‌ಫಾರ್ಮ್ ಅಂದರೆ ಆ ಪೈಪು. ಆನ್‌ಲೈನ್ ಫಾರ್ಮಿನಲ್ಲಿ ತುಂಬಿದ್ದನ್ನು ಸ್ಪ್ರೆಡ್‌ಶೀಟಿಗೆ, ಆ ಶೀಟಿನಿಂದ ಮೆಸೇಜಿಗೆ ಹರಿಸುವುದು ಅದರ ಕೆಲಸ. ಬ್ಯಾಕೆಂಡ್ ಅಂದರೆ ಹಿತ್ತಲಿನ ತೊಟ್ಟಿ. ಸುಪಾಬೇಸ್ ಅಂಥದ್ದು, ಓಪನ್ ಸೋರ್ಸ್ ಬೇರೆ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಿ ಬಳಸಬಹುದು. ಅದರ ಹೊಟ್ಟೆಯಲ್ಲಿರುವುದು ಪೋಸ್ಟ್‌ಗ್ರೆಸ್ ಡೇಟಾಬೇಸು. ಅದರ ಸುತ್ತ ಲಾಗಿನ್, ಫೈಲ್ ಇಡುವ ಜಾಗ, ಬೇರೆ ಆಪ್‌ಗಳು ಅದರ ಜೊತೆ ಮಾತಾಡಲು ಎಪಿಐ. ಪೈಪಿಲ್ಲದೆ ಅದನ್ನು ವಾಟ್ಸಾಪಿಗೆ ಜೋಡಿಸುವುದಾದರೆ ಕೋಡನ್ನು ನೀವೇ ಬರೆಯಬೇಕು. ಹಾಗಾಗಿ "ಯಾವುದು" ಅನ್ನುವುದಕ್ಕಿಂತ ಮೊದಲು, ನಿಮಗೆ ಸದ್ಯ ಪೈಪಿಲ್ಲವೋ ತೊಟ್ಟಿಯಿಲ್ಲವೋ ನೋಡಿಕೊಳ್ಳಿ. ನನ್ನ ಹತ್ತಿರ ಬಂದವರಲ್ಲಿ ಹೆಚ್ಚಿನವರಿಗೆ ಇಲ್ಲದ್ದು ತೊಟ್ಟಿ. ಅವರು ಕೇಳುವುದು ಮಾತ್ರ ಪೈಪಿನ ರೇಟು.

ರೇಟಿನ ವಿಷಯಕ್ಕೇ ಬರೋಣ. ಜಾಪಿಯರ್ ಎಣಿಸುವುದು ಟಾಸ್ಕುಗಳನ್ನು. ಸರಪಳಿಯನ್ನು ಶುರು ಮಾಡುವ ಘಟನೆ, ಅಂದರೆ ಟ್ರಿಗರ್, ಲೆಕ್ಕಕ್ಕಿಲ್ಲ, ಆಮೇಲೆ ಯಶಸ್ವಿಯಾಗಿ ನಡೆದ ಒಂದೊಂದು ಕ್ರಿಯೆಯೂ ಒಂದು ಟಾಸ್ಕು. ಒಬ್ಬ ಅತಿಥಿ ಫಾರ್ಮ್ ತುಂಬಿದರೆ ಶೀಟಿಗೆ ಒಂದು ಸಾಲು, ಅತಿಥಿಗೊಂದು ಮೆಸೇಜು, ಮಾಲೀಕರಿಗೊಂದು ಇಮೇಲು, ಕ್ಯಾಲೆಂಡರಿಗೊಂದು ಗುರುತು: ನಾಲ್ಕು. ತಿಂಗಳಿಗೆ 150 ವಿಚಾರಣೆ ಬಂದರೆ 600. ಉಚಿತ ಪ್ಲಾನಿನಲ್ಲಿ ಸಿಗುವುದು 100, ಅದೂ ಒಂದು ಟ್ರಿಗರ್, ಒಂದು ಕ್ರಿಯೆಯಷ್ಟೇ ಇರುವ ಸರಪಳಿಗೆ. ಮೇಕ್‌ನ ಲೆಕ್ಕ ಬೇರೆ, ಅದು ಎಣಿಸುವುದು ಕ್ರೆಡಿಟ್ಟುಗಳನ್ನು. ಅಲ್ಲಿ ಟ್ರಿಗರ್ ಸುಮ್ಮನೆ ಇಣುಕಿ ನೋಡಿದರೂ, ಹೊಸದೇನೂ ಸಿಗದಿದ್ದರೂ, ಒಂದು ಕ್ರೆಡಿಟ್ ಖರ್ಚು. ಹದಿನೈದು ನಿಮಿಷಕ್ಕೊಮ್ಮೆ ಶೀಟು ನೋಡು ಅಂತ ಇಟ್ಟರೆ ದಿನಕ್ಕೆ 96 ಸಲ. ತಿಂಗಳಿಗೆ ಉಚಿತವಾಗಿ ಸಿಗುವ 1000 ಕ್ರೆಡಿಟ್ ಹತ್ತೇ ದಿನಕ್ಕೆ ಖಾಲಿ, ಒಬ್ಬ ಗಿರಾಕಿಯೂ ಬರದಿದ್ದರೂ. ಇದಕ್ಕೆ ಮದ್ದು ವೆಬ್‌ಹುಕ್: ನಾವು ಹೋಗಿ ಇಣುಕುವ ಬದಲು, ಸುದ್ದಿ ಇದ್ದಾಗ ಆ ಕಡೆಯವರೇ ಬಾಗಿಲು ತಟ್ಟುವ ವ್ಯವಸ್ಥೆ. ಬಿಲ್ಲು ಜಾಸ್ತಿ ಬಂತು ಅಂತ ಗೋಳಾಡಿದ ಇಬ್ಬರಿಗೆ ನಾನು ಮಾಡಿಕೊಟ್ಟದ್ದು ಇಷ್ಟೇ. ಪ್ಲಾಟ್‌ಫಾರ್ಮ್ ಬದಲಿಸಲಿಲ್ಲ.

ಬಿಲ್ಲು ಡಾಲರಿನಲ್ಲಿ ಬರುತ್ತದೆ ಅನ್ನುವುದೂ ನೆನಪಿರಲಿ. 2021ರ ಅಕ್ಟೋಬರಿನಲ್ಲಿ ರಿಸರ್ವ್ ಬ್ಯಾಂಕಿನ ನಿಯಮ ಬಿಗಿಯಾದ ಮೇಲೆ, ಕಾರ್ಡಿನಿಂದ ತಿಂಗಳು ತಿಂಗಳು ತಾನಾಗೇ ಕಡಿತವಾಗಲು ಪ್ರತ್ಯೇಕ ಒಪ್ಪಿಗೆ ದಾಖಲಾಗಿರಬೇಕು. ಅದು ತಪ್ಪಿ ಪಾವತಿ ಆಗದೆ ಪೈಪು ಸದ್ದಿಲ್ಲದೆ ನಿಂತದ್ದನ್ನು ಹಬ್ಬ ಕಳೆದ ಮೇಲೆ ಗಮನಿಸಿದವರಿದ್ದಾರೆ.

ಇನ್ನು "ಫ್ರೀ ಅಂತಲ್ಲ?" ಅನ್ನುವುದು. ಒಂದು ಹೋಂಸ್ಟೇಗೆ ನಾನೇ ಹುರುಪಿನಿಂದ ಎಲ್ಲವನ್ನೂ ಬಾಡಿಗೆ ಸರ್ವರಿನಲ್ಲಿ ಕೂರಿಸಿದ್ದೆ. ಪೋಸ್ಟ್‌ಗ್ರೆಸ್, ಪೈಪಿಗೆ ಎನ್‌ಏಟ್‌ಎನ್ (n8n) ಅನ್ನುವ, ನಾವೇ ಕೂರಿಸಿಕೊಳ್ಳಬಹುದಾದ ಸಾಫ್ಟ್‌ವೇರು, ದಿನಾ ರಾತ್ರಿ ಬ್ಯಾಕಪ್ಪು. ತಿಂಗಳಿಗೆ ಸಾವಿರ ರೂಪಾಯಿಯೊಳಗೆ ಆಯಿತು ಅಂತ ಬೀಗಿದ್ದೆ. ಪುನರ್ವಸು ಮಳೆ ಸುರಿಯುತ್ತಿದ್ದ ಒಂದು ರಾತ್ರಿ ಮಾಲೀಕರ ಫೋನು: "ಗಿರಾಕಿ ದುಡ್ಡು ಹಾಕಿದಾರೆ, ಬುಕಿಂಗ್ ಕಾಣ್ತಿಲ್ಲ." ಅಷ್ಟರಲ್ಲಿ ಕರೆಂಟು ಹೋಯಿತು. ಅದರ ಜೊತೆ ವೈಫೈ, ಸ್ವಲ್ಪ ಹೊತ್ತಿಗೆ ಟವರೂ. ಕಂಬಳಿ ಕೊಪ್ಪೆ ಹಾಕಿಕೊಂಡು, ಟಾರ್ಚ್ ಹಿಡಿದು, ಆಚೆ ಊರಿನ ಟವರ್ ಸಿಗುವ ಗುಡ್ಡದ ತಲೆಗೆ ಹತ್ತಿದೆ. ಎರಡು ಕಡ್ಡಿ ಸಿಗ್ನಲ್ಲು. ಒದ್ದೆ ಬೆರಳಿಗೆ ಫೋನಿನ ಪರದೆ ಸ್ಪಂದಿಸದು, ಪಾಸ್‌ವರ್ಡ್ ಮೂರು ಸಲ ತಪ್ಪಿತು. ಕೊನೆಗೆ ಒಳಹೊಕ್ಕರೆ ಒಂದೇ ಸಾಲು: "ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್". ಬ್ಯಾಕಪ್ಪುಗಳನ್ನು ಅದೇ ಡಿಸ್ಕಿನಲ್ಲಿ ತುಂಬಿಸುತ್ತ ಹೋಗಿದ್ದೆ, ಹಳೆಯದನ್ನು ಅಳಿಸುವ ಒಂದು ಸಾಲು ಬರೆಯುವುದನ್ನು ಮರೆತಿದ್ದೆ. ಡಿಸ್ಕ್ ತುಂಬಿದ ಮೇಲೆ ಡೇಟಾಬೇಸಿಗೆ ಹೊಸ ಅಕ್ಷರ ಬರೆಯಲು ಜಾಗವಿಲ್ಲ. ಹಳೆಯ ಫೈಲುಗಳನ್ನು ಅಳಿಸಿ ಮನೆಗೆ ಬಂದು ಕಾಲು ನೋಡಿದರೆ ಐದು ಉಂಬಳ. ಫ್ರೀ ಅಂದವರಿಗೆಲ್ಲ ನಾನು ಮೊದಲು ಹೇಳುವುದು ಈ ಕಥೆ. ಬಾಡಿಗೆ ಪ್ಲಾಟ್‌ಫಾರ್ಮಿಗೆ ಕೊಡುವ ದುಡ್ಡಿನಲ್ಲಿ ದೊಡ್ಡ ಪಾಲು ಆ ಗುಡ್ಡ ಹತ್ತುವ ಕೂಲಿ.

ಹಾಗಿದ್ದರೂ ತೊಟ್ಟಿಯನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ. ಪಾವತಿ ಸಂಸ್ಥೆಗಳ ವೆಬ್‌ಹುಕ್ ಒಂದೇ ಸುದ್ದಿಯನ್ನು ಎರಡು ಸಲ ತಲುಪಿಸಬಹುದು. ಅದು ತಪ್ಪಲ್ಲ, ಮುಟ್ಟಿತೋ ಇಲ್ಲವೋ ಅನುಮಾನ ಬಂದರೆ ಮತ್ತೆ ಕಳಿಸುವುದೇ ಅವುಗಳ ಕ್ರಮ. ಶೀಟಿಗೆ ಅದು ತಿಳಿಯದು, ಎರಡು ಸಾಲು ಬರೆದುಕೊಳ್ಳುತ್ತದೆ. ಒಂದೇ ಕೋಣೆ ಎರಡು ಸಲ ಬುಕ್ ಆಗಿ, ಅತಿಥಿಗೆ ಎರಡು ಮೆಸೇಜು. ಪೋಸ್ಟ್‌ಗ್ರೆಸಿನಲ್ಲಾದರೆ ಪಾವತಿ ಸಂಖ್ಯೆಯ ಕಾಲಮಿಗೆ "ಯೂನೀಕ್" ಅಂತ ಒಂದು ಪದ ಸೇರಿಸಿದರೆ ಎರಡನೆಯದು ಒಳಗೇ ಬರುವುದಿಲ್ಲ. ಇನ್ನೊಂದು ವಿಷಯ: ಪೈಪಿನ ಕಂಪನಿಗಳು ಹರಿದು ಹೋದದ್ದರ ಚರಿತ್ರೆಯನ್ನೂ ಕೆಲಕಾಲ ಇಟ್ಟುಕೊಳ್ಳುತ್ತವೆ. ಅತಿಥಿಯ ಆಧಾರ್ ಫೋಟೋ ಅದರೊಳಗೆ ಹರಿಸಬೇಡಿ.

ಬಾಡಿಗೆ ತೊಟ್ಟಿ ಮುಚ್ಚಿಹೋಗುವುದೂ ಉಂಟು: ಪಾರ್ಸ್ ಅಂತ ಒಂದು ಬ್ಯಾಕೆಂಡ್ ಸೇವೆ ಇತ್ತು. ಫೇಸ್‌ಬುಕ್ 2013ರಲ್ಲಿ ಅದನ್ನು ಕೊಂಡಿತು, 2016ರ ಜನವರಿಯಲ್ಲಿ ಮುಚ್ಚುತ್ತೇವೆ ಅಂದಿತು, ಮರುವರ್ಷದ ಜನವರಿಯಲ್ಲಿ ಮುಚ್ಚಿತು. ಪುಣ್ಯಕ್ಕೆ ಅದರ ಸರ್ವರ್ ಕೋಡನ್ನು ಓಪನ್ ಸೋರ್ಸ್ ಮಾಡಿದ್ದರಿಂದ, ಅದರ ಮೇಲೆ ಮೊಬೈಲ್ ಆಪ್ ಕಟ್ಟಿದ್ದವರಿಗೆ ಆ ಒಂದು ವರ್ಷದಲ್ಲಿ ತಮ್ಮ ಸರ್ವರಿಗೆ ಒಕ್ಕಲೆದ್ದು ಹೋಗಲು ದಾರಿ ಸಿಕ್ಕಿತು.

ಓಪನ್ ಸೋರ್ಸ್ ಅನ್ನುವಾಗಲೂ ಲೈಸೆನ್ಸ್ ಓದಿ. ಸುಪಾಬೇಸಿನದು ಅಪಾಚೆ ಲೈಸೆನ್ಸ್, ಪಾಕೆಟ್‌ಬೇಸ್ ಅನ್ನುವ ಇನ್ನೊಂದು ಪುಟ್ಟ ಬ್ಯಾಕೆಂಡಿನದು ಎಂಐಟಿ, ಎರಡೂ ಉದಾರವಾದವು. ಎನ್‌ಏಟ್‌ಎನ್ ಕೋಡ್ ಎಲ್ಲರಿಗೂ ಕಾಣುತ್ತದೆ, ಆದರೆ 2022ರಿಂದ ಅದರ ಲೈಸೆನ್ಸ್ ಬೇರೆಯೇ: ನಿಮ್ಮ ವ್ಯವಹಾರಕ್ಕೆ ಬಳಸಬಹುದು, ಅದನ್ನೇ ಸೇವೆಯಾಗಿ ಊರಿಗೆಲ್ಲ ಮಾರುವಂತಿಲ್ಲ. ಇನ್ನು ಸುಪಾಬೇಸನ್ನು ನೀವೇ ಕೂರಿಸಿದರೆ ಹತ್ತಕ್ಕೂ ಹೆಚ್ಚು ಕಂಟೇನರುಗಳು, ಅಂದರೆ ಬೇರೆಬೇರೆಯಾಗಿ ಓಡುವ ಪ್ರೋಗ್ರಾಮುಗಳು, ಏಳುತ್ತವೆ. 1 ಜಿಬಿ ರ್‍ಯಾಮಿನ ಅಗ್ಗದ ಸರ್ವರಿನಲ್ಲಿ ಹಾಕಿ ಆಮೇಲೆ ನನಗೆ ಫೋನ್ ಮಾಡಬೇಡಿ. ಪಾಕೆಟ್‌ಬೇಸ್ ಒಂದೇ ಫೈಲು, ಒಳಗೆ ಎಸ್‌ಕ್ಯೂಲೈಟ್ ಅನ್ನುವ ಹಗುರ ಡೇಟಾಬೇಸು. ಹತ್ತು ಕೋಣೆಯ ಹೋಂಸ್ಟೇಗೆ ಧಾರಾಳ.

ಈಗ ಕೇಳಿದವರಿಗೆ ಹೇಳುವುದು: ಕೋಡ್ ಬರೆಯುವವರು ಮನೆಯಲ್ಲಿ ಇಲ್ಲವಾದರೆ ಪೈಪು ಬಾಡಿಗೆಗೆ ತಗೊಳ್ಳಿ, ಕಡಿಮೆ ಹೆಜ್ಜೆಯಲ್ಲಿ ಮುಗಿಸಿ. ಲೆಕ್ಕ, ಬುಕಿಂಗು, ಗಿರಾಕಿಯ ಹೆಸರು ಶೀಟಿನಲ್ಲಿ ಬೇಡ, ಪೋಸ್ಟ್‌ಗ್ರೆಸಿನಲ್ಲಿರಲಿ. ಅದನ್ನು ಸುಪಾಬೇಸಿನವರೇ ನಡೆಸಿದರೂ ಅಡ್ಡಿಯಿಲ್ಲ, ಪೂರ್ತಿ ಡೇಟಾ ಇಳಿಸಿಕೊಂಡು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಆದರೆ ಅಲ್ಲಿನ ಉಚಿತ ಪ್ರಾಜೆಕ್ಟು ಒಂದು ವಾರ ಯಾರೂ ಮುಟ್ಟದಿದ್ದರೆ ಮಲಗಿಬಿಡುತ್ತದೆ. ಪರೀಕ್ಷೆ ಕಾಲದಲ್ಲಿ ನಮ್ಮ ಹೋಂಸ್ಟೇಗಳಿಗೂ ಅದೇ ಗತಿ, ಆ ತಿಂಗಳು ಎಚ್ಚರ.

ಉಂಬಳ ಕಚ್ಚಿಸಿಕೊಂಡ ಆ ಸರ್ವರು ಈಗಲೂ ನಡೆಯುತ್ತಿದೆ. ಬ್ಯಾಕಪ್ಪು ಬೇರೆ ಕಡೆಗೆ ಹೋಗುತ್ತದೆ, ಏಳು ದಿನಕ್ಕಿಂತ ಹಳೆಯದು ತಾನೇ ಅಳಿಯುತ್ತದೆ, ಡಿಸ್ಕ್ ಮುಕ್ಕಾಲು ತುಂಬಿದರೆ ನನಗೆ ಮೆಸೇಜು. ತಿಂಗಳಿಗೊಮ್ಮೆ ಬ್ಯಾಕಪ್ಪನ್ನು ಲ್ಯಾಪ್‌ಟಾಪಿನಲ್ಲಿ ಮತ್ತೆ ತುಂಬಿಸಿ ಸರಿಯಿದೆಯಾ ಅಂತ ನೋಡುತ್ತೇನೆ. ಕಳೆದ ತಿಂಗಳು ಅಡಿಕೆ ಕೊನೆ ಕೊಯ್ಲಿನ ಗಡಿಬಿಡಿಯಲ್ಲಿ ನೋಡಲಿಲ್ಲ.