ದೂರದ ಕಂಪ್ಯೂಟರಿನ ಪರದೆ: ತಂತ್ರಾಂಶವನ್ನು ಆರಿಸುವ ಮುನ್ನ

ದೂರದಲ್ಲಿರುವ ಕಂಪ್ಯೂಟರಿನ ಪರದೆಯನ್ನು ನಮ್ಮೆದುರು ತೆರೆದುಕೊಂಡು ಕೆಲಸ ಮಾಡಲು ನೆರವಾಗುವ ತಂತ್ರಾಂಶಗಳು ಇಂದು ಹತ್ತಾರಿವೆ. ಯಾವುದು ಒಳ್ಳೆಯದೆಂದು ಸ್ನೇಹಿತರು ಕೇಳಿದಾಗ, ಹೆಸರು ಹೇಳುವ ಮೊದಲು ನಾನು ಎರಡು ಸಂಗತಿಗಳನ್ನು ವಿಚಾರಿಸುತ್ತೇನೆ: ಆ ತಂತ್ರಾಂಶವು ಜಾಲದ ಮೂಲಕ ಏನನ್ನು ಸಾಗಿಸುತ್ತದೆ, ಮತ್ತು ಆ ಸಂಪರ್ಕಕ್ಕಾಗಿ ಯಾವ ಬಾಗಿಲನ್ನು ತೆರೆದಿಡಬೇಕಾಗುತ್ತದೆ. ವೇಗ, ಅಕ್ಷರಗಳ ಸ್ಪಷ್ಟತೆ, ಕನ್ನಡ ಟೈಪಿಂಗ್, ಸುರಕ್ಷತೆ ಇವೆಲ್ಲವೂ ಬಹುಪಾಲು ಈ ಎರಡನ್ನೇ ಅವಲಂಬಿಸಿವೆ.

ಯುನಿಕ್ಸ್ ಕಾರ್ಯಾಚರಣ ವ್ಯವಸ್ಥೆಯ ಲೋಕಕ್ಕೆ ಇದು ಹಳೆಯ ವಿಚಾರ. 1984ರಲ್ಲಿ ಎಂಐಟಿಯಲ್ಲಿ ಹುಟ್ಟಿ, 1987ರಲ್ಲಿ ಹನ್ನೊಂದನೆಯ ಆವೃತ್ತಿಗೆ ಬಂದ ಎಕ್ಸ್ ವಿಂಡೋ ವ್ಯವಸ್ಥೆಯು ಚಿತ್ರದ ಬದಲು, ಚಿತ್ರ ಬಿಡಿಸುವ ಆಜ್ಞೆಗಳನ್ನು ಜಾಲದಲ್ಲಿ ಕಳುಹಿಸುತ್ತದೆ. ಪ್ರೋಗ್ರಾಂ ಒಂದು ಯಂತ್ರದಲ್ಲಿ ಓಡುತ್ತಿದ್ದರೆ ಅದರ ಕಿಟಕಿ ಇನ್ನೊಂದು ಯಂತ್ರದಲ್ಲಿ ತೆರೆದುಕೊಳ್ಳುತ್ತದೆ. ಒಂದೇ ಕಟ್ಟಡದ ಜಾಲದೊಳಗೆ, ಎಸ್‌ಎಸ್‌ಎಚ್ ಎಂಬ ಗೂಢಲಿಪಿಯ ಸಂಪರ್ಕದ ಮೂಲಕ, ಈ ಪದ್ಧತಿ ಇಂದಿಗೂ ಚೆನ್ನಾಗಿಯೇ ನಡೆಯುತ್ತದೆ. ದೂರ ಹೆಚ್ಚಿದಾಗ ಮಾತ್ರ ಕಷ್ಟ, ಏಕೆಂದರೆ ಪ್ರತಿ ಕಿಟಕಿಯನ್ನು ತೆರೆಯುವ ಮೊದಲು ಎರಡೂ ಯಂತ್ರಗಳ ನಡುವೆ ಹಲವು ಪ್ರಶ್ನೋತ್ತರಗಳು ನಡೆಯಬೇಕು. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ ನೇರ ಅಳತೆಯಲ್ಲೇ ಸುಮಾರು 14,000 ಕಿಲೋಮೀಟರ್. ಹಾಗಾಗಿ ಒಂದು ಪ್ರಶ್ನೆ ಹೋಗಿ ಉತ್ತರ ಬರಲು ಕನಿಷ್ಠ 140 ಮಿಲಿಸೆಕೆಂಡ್ ಬೇಕು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಆಗುತ್ತದೆ. ಎಷ್ಟೇ ದುಬಾರಿಯಾದ ಬ್ರಾಡ್‌ಬ್ಯಾಂಡ್ ಪಡೆದರೂ ಈ ಕಾಯುವಿಕೆ ತಪ್ಪುವುದಿಲ್ಲ. ನೋಮಷೀನ್ ಸಂಸ್ಥೆಯ ಎನ್‌ಎಕ್ಸ್ ತಂತ್ರವು ಇಂಥ ಪ್ರಶ್ನೆಗಳಿಗೆ ದೂರದ ಯಂತ್ರದ ಬಳಿಯಲ್ಲೇ ಉತ್ತರ ಕೊಡುವ ಮಧ್ಯವರ್ತಿಯೊಂದನ್ನು ಇರಿಸಿ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಇಂದಿನ ಎಕ್ಸ್‌ಟುಗೋ ತಂತ್ರಾಂಶವು ಅದೇ ತಳಹದಿಯ ಮೇಲೆ ನಿಂತಿದೆ.

ಕೇಂಬ್ರಿಡ್ಜಿನ ಆಲಿವೆಟ್ಟಿ ಸಂಶೋಧನಾಲಯದಲ್ಲಿ 1990ರ ದಶಕದಲ್ಲಿ ರೂಪುಗೊಂಡ ವಿಎನ್‌ಸಿ ಪದ್ಧತಿಯು ಎಕ್ಸ್‌ಗೆ ತದ್ವಿರುದ್ಧವಾದುದು. ಅದು ಪರದೆಯ ಚುಕ್ಕೆಗಳನ್ನೇ ಕಳುಹಿಸುತ್ತದೆ. ಹೀಗಾಗಿ ಯಾವ ಕಾರ್ಯಾಚರಣ ವ್ಯವಸ್ಥೆಯೇ ಇರಲಿ, ಅದು ಹೊಂದಿಕೊಳ್ಳುತ್ತದೆ. 1920×1080 ಅಳತೆಯ ಪರದೆಯನ್ನು ಸೆಕೆಂಡಿಗೆ 30 ಬಾರಿ ಹಾಗೆಯೇ ಕಳುಹಿಸಬೇಕೆಂದರೆ ಸುಮಾರು 1.5 ಗಿಗಾಬಿಟ್ ಸಾಮರ್ಥ್ಯ ಬೇಕಾಗುವುದರಿಂದ, ಬದಲಾದ ಭಾಗವನ್ನಷ್ಟೇ, ಅದನ್ನೂ ಕುಗ್ಗಿಸಿ, ಕಳುಹಿಸುತ್ತಾರೆ. ಕನ್ನಡ ಓದುವವರು ಗಮನಿಸಬೇಕಾದ ಸಂಗತಿ ಇಲ್ಲಿದೆ. ಜೆಪೆಗ್ ಮಾದರಿಯ ಕುಗ್ಗಿಸುವಿಕೆಯಲ್ಲಿ ಸಣ್ಣ ಅಂಚುಗಳು ಮೊದಲು ಮಾಸುತ್ತವೆ. ‘ರಾಷ್ಟ್ರ’, ‘ಸೂಕ್ಷ್ಮ’ದಂಥ ಪದಗಳಲ್ಲಿ ಅಕ್ಷರದ ಕೆಳಗೆ ಕಿರಿದಾಗಿ ಕೂರುವ ಒತ್ತಕ್ಷರಗಳು ಕಲಸಿಹೋಗುತ್ತವೆ. ಅದೇ ಪರದೆಯಲ್ಲಿ ಇಂಗ್ಲಿಷ್ ಅಕ್ಷರ ಸರಿಯಾಗಿಯೇ ಕಾಣುವುದರಿಂದ, ತಂತ್ರಾಂಶವನ್ನು ಕನ್ನಡ ಪುಟವೊಂದನ್ನು ತೆರೆದೇ ಪರೀಕ್ಷಿಸಬೇಕು. ವಿಎನ್‌ಸಿ ಬಳಸುವ ಟೈಗರ್‌ವಿಎನ್‌ಸಿ ತಂತ್ರಾಂಶದಲ್ಲಿ ಜೆಪೆಗ್ ಗುಣಮಟ್ಟವನ್ನು ಏರಿಸಲು ಅಥವಾ ಜೆಪೆಗ್ಗನ್ನೇ ನಿಲ್ಲಿಸಲು ಅವಕಾಶವಿದೆ. ಬರವಣಿಗೆಯ ಕೆಲಸಕ್ಕೆ ನಾನು ಅದನ್ನು ನಿಲ್ಲಿಸಿಯೇ ಇಡುತ್ತೇನೆ.

ಟೈಪಿಂಗ್‌ನಲ್ಲಿಯೂ ವ್ಯತ್ಯಾಸವಿದೆ. ಮೂಲ ವಿಎನ್‌ಸಿ ನಿಯಮದಂತೆ ಕೀಲಿ ಒತ್ತಿದಾಗ ಮೂಡಬೇಕಾದ ಅಕ್ಷರದ ಸಂಕೇತ ರವಾನೆಯಾಗುತ್ತದೆ. ಮೈಕ್ರೋಸಾಫ್ಟಿನ ಇಂಥದೇ ಪದ್ಧತಿಯಾದ ಆರ್‌ಡಿಪಿಯಲ್ಲಿ ಸಾಮಾನ್ಯವಾಗಿ ಒತ್ತಿದ ಕೀಲಿಯ ಸಂಖ್ಯೆ ಹೋಗುತ್ತದೆ. ನಮ್ಮ ಯಂತ್ರದಲ್ಲಿ ಕನ್ನಡ ಆರಿಸಿಕೊಂಡು ವಿಎನ್‌ಸಿಯಲ್ಲಿ ಟೈಪಿಸಿದರೆ, ಆ ಅಕ್ಷರಕ್ಕೆ ಹೊಂದುವ ಕೀಲಿಯನ್ನು ಆಚೆಯ ಯಂತ್ರ ಹುಡುಕಬೇಕಾಗುತ್ತದೆ, ಅದು ಎಲ್ಲ ಸರ್ವರ್‌ಗಳಿಗೂ ಸಾಧ್ಯವಾಗುವುದಿಲ್ಲ. ನಮ್ಮ ಕಡೆ ಇಂಗ್ಲಿಷ್ ಕೀಲಿಮಣೆಯನ್ನೇ ಇಟ್ಟುಕೊಂಡು, ಕನ್ನಡದ ವಿನ್ಯಾಸವನ್ನು ಆಚೆಯ ಯಂತ್ರದಲ್ಲಿ ಆರಿಸುವುದು ಎರಡೂ ಪದ್ಧತಿಗಳಿಗೆ ಒಗ್ಗುವ ದಾರಿ.

ಆರ್‌ಡಿಪಿ 1998ರಲ್ಲಿ ವಿಂಡೋಸ್ ಎನ್‌ಟಿ 4.0ರ ಟರ್ಮಿನಲ್ ಸರ್ವರ್ ಆವೃತ್ತಿಯೊಂದಿಗೆ ಬಂದಿತು. ವಿಂಡೋಸ್ ಯಂತ್ರದಲ್ಲಿ ಸ್ವತಃ ಕೆಲಸ ಮಾಡಲು ಇದಕ್ಕಿಂತ ಹಿತವಾದುದನ್ನು ನಾನು ಕಂಡಿಲ್ಲ: ನೋಡುವವರ ಪರದೆಯ ಅಳತೆಗೆ ಅದು ಹೊಂದಿಕೊಳ್ಳುತ್ತದೆ, ಧ್ವನಿ ಮತ್ತು ಪ್ರಿಂಟರ್ ಕೂಡ ಜೊತೆಗೆ ಬರುತ್ತವೆ. ಆದರೆ ಹೋಮ್ ಆವೃತ್ತಿಯ ವಿಂಡೋಸ್ ಇಂಥ ಸಂಪರ್ಕವನ್ನು ಸ್ವೀಕರಿಸುವುದಿಲ್ಲ. ಪ್ರೊ ಆವೃತ್ತಿಯಲ್ಲಿ ನಾವು ಒಳಹೊಕ್ಕಾಗ ಅಲ್ಲಿ ಎದುರಿಗೆ ಕುಳಿತವರ ಪರದೆ ಲಾಕ್ ಆಗುತ್ತದೆ. ಆದ್ದರಿಂದ ಊರಿನಲ್ಲಿರುವ ತಂದೆತಾಯಿಗೆ ಏನನ್ನಾದರೂ ತೋರಿಸಿಕೊಡಲು ಇದು ಒದಗುವುದಿಲ್ಲ.

ಬಾಗಿಲಿನ ವಿಷಯದಲ್ಲಿ ನನ್ನದು ಕಟ್ಟುನಿಟ್ಟಾದ ಅಭಿಪ್ರಾಯ. ಆರ್‌ಡಿಪಿಯ 3389 ಅಥವಾ ವಿಎನ್‌ಸಿಯ 5900ನೆಯ ಪೋರ್ಟನ್ನು (ಸಂಪರ್ಕ ಒಳಬರುವ, ಸಂಖ್ಯೆಯಿಂದ ಗುರುತಿಸುವ ಬಾಗಿಲನ್ನು) ರೂಟರಿನಲ್ಲಿ ಅಂತರಜಾಲಕ್ಕೆ ನೇರವಾಗಿ ತೆರೆಯಲೇಬಾರದು. 2019ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ ಬ್ಲೂಕೀಪ್ ದೋಷವು ಪಾಸ್‌ವರ್ಡ್ ಇಲ್ಲದೆಯೇ ಹಳೆಯ ವಿಂಡೋಸ್ ಯಂತ್ರಗಳನ್ನು ವಶಪಡಿಸಿಕೊಳ್ಳಲು ಅವಕಾಶ ಕೊಡುವಂತಿತ್ತು. ಬೆಂಬಲ ನಿಲ್ಲಿಸಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತಿದ್ದುಪಡಿ ಹೊರಡಿಸಿತು. ಹಳೆಯ ವಿಎನ್‌ಸಿ ಪದ್ಧತಿಯಲ್ಲಿ ಪಾಸ್‌ವರ್ಡಿನ ಮೊದಲ 8 ಅಕ್ಷರಗಳಿಗಷ್ಟೇ ಬೆಲೆ, ಪರದೆಯ ಮಾಹಿತಿಯೂ ಗೂಢಲಿಪಿಯಿಲ್ಲದೆ ಸಾಗುತ್ತದೆ. ಎಸ್‌ಎಸ್‌ಎಚ್ ಸುರಂಗದ ಮೂಲಕ, ಇಲ್ಲವೇ ವೈರ್‌ಗಾರ್ಡ್‌ನಂಥ ವಿಪಿಎನ್ (ಖಾಸಗಿ ಜಾಲ) ಒಳಗೆ, ಇವನ್ನು ಓಡಿಸುವುದು ಸರಿಯಾದ ಕ್ರಮ. ಅನೇಕ ಮನೆಗಳು ಸೇವಾದಾರರ ಹಂಚಿಕೆಯ ಐಪಿ ವಿಳಾಸದ ಹಿಂದಿರುವುದರಿಂದ ಹೊರಗಿನಿಂದ ನೇರ ಸಂಪರ್ಕ ಸಾಧ್ಯವೇ ಆಗುವುದಿಲ್ಲ. ಟೀಮ್‌ವ್ಯೂವರ್, ಎನಿಡೆಸ್ಕ್, ರಸ್ಟ್‌ಡೆಸ್ಕ್‌ಗಳು ಮಧ್ಯದ ಸರ್ವರ್ ಮೂಲಕ ಈ ಅಡ್ಡಿಯನ್ನು ದಾಟುತ್ತವೆ. ಮುಕ್ತ ತಂತ್ರಾಂಶವಾದ ರಸ್ಟ್‌ಡೆಸ್ಕ್‌ಗೆ ಆ ಸರ್ವರನ್ನೂ ನಾವೇ ನಡೆಸಬಹುದಾದ್ದರಿಂದ ನನ್ನ ಒಲವು ಅದರ ಕಡೆಗಿದೆ. ಇಂಥ ಆ್ಯಪ್‌ಗಳನ್ನು ಹಾಕಿಸಿ ಯುಪಿಐ ಮೂಲಕ ಹಣ ದೋಚುವ ಬಗ್ಗೆ ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಎಚ್ಚರಿಸಿತ್ತು. ಹಿರಿಯರ ಯಂತ್ರದಲ್ಲಿ ಶಾಶ್ವತ ಪಾಸ್‌ವರ್ಡ್ ಇಡದೆ, ಪ್ರತಿ ಬಾರಿಯೂ ಅವರೇ ಒಪ್ಪಿಗೆ ಕೊಡುವಂತೆ ಹೊಂದಿಸಿ. ಫೋನಿನಲ್ಲಿ ಕೇಳುವ ಅಪರಿಚಿತರಿಗೆ ಆ್ಯಪ್ ತೋರಿಸುವ ಸಂಪರ್ಕ ಸಂಖ್ಯೆಯನ್ನು ಹೇಳಬಾರದೆಂದು ಅವರಿಗೆ ತಿಳಿಸಿ.

ಲಿನಕ್ಸ್ ಬಳಸುವವರು ಅನುಸ್ಥಾಪಿಸುವ ಮುನ್ನ ತಮ್ಮದು ಎಕ್ಸ್ ಸೆಷನ್ನೋ ವೇಲ್ಯಾಂಡೋ ಎಂದು ನೋಡಿಕೊಳ್ಳಬೇಕು. ಎಕ್ಸ್‌ನ ಬದಲಿಯಾಗಿ 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಆರಂಭಿಸಿದ ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂ ಇನ್ನೊಂದರ ಕಿಟಕಿಯನ್ನು ಇಣುಕಿ ನೋಡುವಂತಿಲ್ಲ. ಭದ್ರತೆಗೆ ಅದು ಒಳ್ಳೆಯದು, ಆದರೆ ಎಕ್ಸ್11ವಿಎನ್‌ಸಿಯಂಥ ಹಳೆಯ ಉಪಕರಣಗಳು ಅಲ್ಲಿ ಕೆಲಸ ಮಾಡುವುದಿಲ್ಲ. ಲಿನಕ್ಸಿನ ಗ್ನೋಮ್ ಡೆಸ್ಕ್‌ಟಾಪ್ 2022ರಲ್ಲಿ ತನ್ನ 42ನೆಯ ಆವೃತ್ತಿಯಿಂದ ಆರ್‌ಡಿಪಿಯನ್ನು ಅಳವಡಿಸಿಕೊಂಡಿತು. 2024ರ 46ನೆಯ ಆವೃತ್ತಿಯಿಂದ, ಆ ಯಂತ್ರದಲ್ಲಿ ಯಾರೂ ಲಾಗಿನ್ ಆಗಿರದಿದ್ದರೂ ದೂರದಿಂದ ಪ್ರವೇಶಿಸಬಹುದಾಗಿದೆ. ಪರದೆಯನ್ನೇ ಜೋಡಿಸದ ಸರ್ವರ್ ಆಗಿದ್ದರೆ ಟೈಗರ್‌ವಿಎನ್‌ಸಿಯ ಸ್ವಂತ ಎಕ್ಸ್ ಪರದೆಯನ್ನೂ ಎಕ್ಸ್‌ಎಫ್‌ಸಿಇಯಂಥ ಹಗುರವಾದ ಡೆಸ್ಕ್‌ಟಾಪನ್ನೂ ಜೊತೆಗೂಡಿಸಿ, ಎಸ್‌ಎಸ್‌ಎಚ್ ಸುರಂಗದೊಳಗಿಂದ ಬಳಸಿ ಎಂದೇ ನಾನು ಈಗಲೂ ಹೇಳುತ್ತೇನೆ.