ಕಯಾಕ್ ಹತ್ತಿ ಗಾಳ ಹಾಕೋಕೆ ಹೊರಟಿದ್ದು

ಗಾಳ ಹಾಕೋದು ಚಿಕ್ಕಂದಿನಿಂದ ಅಭ್ಯಾಸ, ಆದ್ರೆ ಕಯಾಕ್ (ಹುಟ್ಟು ಹಾಕಿ ನಡೆಸೋ ಸಣ್ಣ ದೋಣಿ) ಮೇಲೆ ಕೂತು ಕಡಲಲ್ಲಿ ಅಂದ್ರೆ ಅದು ಬೇರೆನೇ ಆಟ. ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಸಿಟ್-ಆನ್-ಟಾಪ್, ಅಂದ್ರೆ ಮೇಲೆ ಕೂರೋ ಥರದ್ದು. ಒಳಗೆ ಕೂರೋ ಥರದ್ದು ಮಗುಚಿದ್ರೆ ನೀರು ತುಂಬ್ಕೊಳ್ಳತ್ತೆ, ಇದನ್ನ ತಿರುಗಿಸಿ ಮತ್ತೆ ಹತ್ತಬಹುದು, ನೀರು ಅದರಲ್ಲಿರೋ ತೂತಲ್ಲಿ ಇಳಿದು ಹೋಗತ್ತೆ. ಗಾಳದ ರಾಡ್‌ಗೆ ದುಡ್ಡು ಸುರಿಯೋ ಮುಂಚೆ ಲೈಫ್ ಜಾಕೆಟ್ ತಗೊಳ್ಳಿ, ಮೈಮೇಲೆ ಹಾಕ್ಕೊಳ್ಳಿ ಕೂಡ. ಹುಟ್ಟು, ರಾಡು ಎರಡಕ್ಕೂ ಹಗ್ಗ ಕಟ್ಟಿ (ಗಾಳದ ದಾರ ಸುತ್ತೋ ನನ್ನದೊಂದು ರೀಲು ಮಲ್ಪೆ ಕಡಲ ತಳದಲ್ಲಿದೆ!). ಮಗುಚಿ ಹತ್ತೋದನ್ನ ಮೊದ್ಲು ಸೀತಾ ನದಿ ಹಿನ್ನೀರಲ್ಲೇ ಕಲಿತೆ. ನಮ್ಮ ಕರಾವಳೀಲಿ ಮಧ್ಯಾಹ್ನಕ್ಕೆ ಕಡಲ ಗಾಳಿ ಏಳತ್ತೆ, ಹಾಗಾಗಿ 10 ಗಂಟೆಯೊಳಗೆ ದಡ ಸೇರ್ತೀನಿ, ಮಳೆಗಾಲದಲ್ಲಂತೂ ಆ ಕಡೆ ತಲೆನೂ ಹಾಕಲ್ಲ. ಮೊದಲ ದಿನ ಸಿಕ್ಕಿದ್ದು ಎರಡೇ ಬಂಗುಡೆ, ಅಮ್ಮ ನೋಡಿ "ಇದಕ್ಕೆ ಇಷ್ಟೆಲ್ಲಾ ಸಾಮಾನಾ" ಅಂದ್ರು.