ತಪಸ್ಸುಕಾಲದ ನಾಲ್ಕನೇ ಭಾನುವಾರಕ್ಕೆ ಶಿವಮೊಗ್ಗಕ್ಕೆ ಹೋಗುವವರಿಗೆ

ತಪಸ್ಸುಕಾಲದ, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸಕಾಲದ, ನಾಲ್ಕನೇ ಭಾನುವಾರ ಶಿವಮೊಗ್ಗದ ಕ್ಯಾಥೊಲಿಕರ ಪವಿತ್ರ ಹೃದಯ ಪ್ರಧಾನಾಲಯದಲ್ಲಿ ಬಲಿಪೂಜೆ (ಮಾಸ್) ಮುಗಿಸಿ, ಹಾಗೆಯೇ ತೀರ್ಥಹಳ್ಳಿ ಕಡೆ ಹೋಗಿಬರುವ ಯೋಚನೆ ಇರುವವರು ರೈಲು, ರೂಮುಗಳಿಗಿಂತ ಮೊದಲು ಒಂದು ವಿಷಯ ವಿಚಾರಿಸಿಕೊಳ್ಳಿ: ಶುಭಸಂದೇಶವನ್ನು, ಅಂದರೆ ಯೇಸುವಿನ ಜೀವನ ಹೇಳುವ ಬೈಬಲ್ ಪಾಠವನ್ನು, ಪೂರ್ತಿ ಓದುತ್ತಾರೆಯೇ? ಬಲಿಪೂಜೆಯ ವಾಚನಗಳು ಮೂರು ವರ್ಷಕ್ಕೊಮ್ಮೆ ಸುತ್ತಿ ಬರುತ್ತವೆ. ಮೊದಲ ವರ್ಷದ ಆ ಭಾನುವಾರಕ್ಕೆ ಯೊವಾನ್ನನ ಶುಭಸಂದೇಶದ ಒಂಬತ್ತನೇ ಅಧ್ಯಾಯ, ಅಂದರೆ ಹುಟ್ಟುಕುರುಡನಿಗೆ ಯೇಸುಸ್ವಾಮಿ ಕಣ್ಣು ಕೊಟ್ಟ ಪ್ರಸಂಗ. 41 ವಚನಗಳನ್ನು ನಿಂತು ಕೇಳಬೇಕಾದ್ದರಿಂದ ಸಂಕ್ಷಿಪ್ತ ಪಾಠಕ್ಕೂ ಅನುಮತಿಯಿದೆ. ಆದರೆ ಸಂಕ್ಷೇಪ ಮಾಡಿದಾಗ ಬಿಟ್ಟುಹೋಗುವ ಭಾಗಗಳು ಯಾವುವು ನೋಡಿ: ‘ಇವನು ಕುರುಡನಾಗಿ ಹುಟ್ಟಲು ಪಾಪ ಮಾಡಿದವರು ಯಾರು?’ ಎಂಬ ಶಿಷ್ಯರ ಪ್ರಶ್ನೆ, ತಂದೆತಾಯಿಯ ವಿಚಾರಣೆ, ಕಡೆಗೆ ಫರಿಸಾಯರಿಗೆ, ಅಂದರೆ ಧರ್ಮನಿಯಮದ ವಿಷಯದಲ್ಲಿ ಕಟ್ಟುನಿಟ್ಟಾಗಿದ್ದ ಯೆಹೂದಿ ಪಂಗಡದವರಿಗೆ, ಯೇಸು ಕೊಟ್ಟ ಉತ್ತರ. ಆ ಅಧ್ಯಾಯದ ಪ್ರಾಣವೇ ಆ ಮೂರು ಭಾಗಗಳು. 2026ರಲ್ಲಿ ಆ ಭಾನುವಾರ ಮಾರ್ಚ್ 15ರಂದು ಬಂತು. ಇದೇ ಸುತ್ತು ಮತ್ತೆ ಬರುವುದು 2029ರ ಮಾರ್ಚ್ 11ಕ್ಕೆ.

ನಾನು ಹೋದದ್ದು ನನ್ನ ಸೋದರಮಾವನ ಜೊತೆ. ಮಾವ ಹುಟ್ಟಿನಿಂದ ಕಣ್ಣು ಕಾಣದವರು. ಬ್ಯಾಂಕಿನಲ್ಲಿ ದೂರವಾಣಿ ನಿರ್ವಾಹಕರಾಗಿದ್ದು ನಿವೃತ್ತರಾಗಿದ್ದಾರೆ. ಬ್ರೈಲ್ ಓದುತ್ತಾರೆ, ಮೊಬೈಲ್‌ನಲ್ಲಿ ಬೈಬಲ್ ಕೇಳುತ್ತಾರೆ, ಒಂಬತ್ತನೇ ಅಧ್ಯಾಯವಂತೂ ಅವರಿಗೆ ಬಾಯಿಪಾಠ. ಈ ಪ್ರಸಂಗವನ್ನು ದೊಡ್ಡ ದೇವಾಲಯದಲ್ಲಿ, ಜನರ ನಡುವೆ ನಿಂತು ಕೇಳಬೇಕೆಂಬುದು ಅವರ ಆಸೆಯಾಗಿತ್ತು. ಈ ಪ್ರಯಾಣದಲ್ಲಿ ನಾನು ಕಂಡದ್ದನ್ನು ಬರೆಯಲೇಬೇಕು ಅನ್ನಿಸಿದ್ದು ಅವರ ಪಕ್ಕದಲ್ಲಿ ನಡೆದದ್ದರಿಂದ.

ಮೊದಲು ವಸತಿಯ ವಿಷಯ. ಶಿವಮೊಗ್ಗದ ಒಂದು ವಸತಿಗೃಹದವರು ಫೋನಿನಲ್ಲಿ ದಿನಕ್ಕೆ 1,200 ರೂಪಾಯಿ ಎಂದಿದ್ದರು. ಎದುರು ಹೋಗಿ ನಿಂತಾಗ, ಮಾವನ ಕೈಯಲ್ಲಿದ್ದ ಬಿಳಿಕೋಲು ನೋಡಿದ ಮೇಲೆ, ಮಾತು ಬದಲಾಯಿತು. ಮೇಲಿನ ರೂಮು ಕೊಡಲಾಗುವುದಿಲ್ಲ, ಮೆಟ್ಟಿಲು ಅಪಾಯ, ಕೆಳಗಿರುವುದು ಎ.ಸಿ. ರೂಮು, ಅದಕ್ಕೆ 2,000. ಅದಲ್ಲದೆ ಏನಾದರೂ ಒಡೆದರೆ ಎಂದು ಮುಂಗಡ ಬೇರೆ. ಇಷ್ಟನ್ನೂ ಆ ಮನುಷ್ಯ ಹೇಳಿದ್ದು ನನಗೆ. ‘ಅವರಿಗೆ ಬಚ್ಚಲುಮನೆಗೆ ಒಬ್ಬರೇ ಹೋಗಲು ಆಗುತ್ತದೆಯೇ?’ ಎಂದು ಕೇಳಿದ್ದೂ ನನ್ನನ್ನು. ಮಾವ ಒಂದು ಮೊಳ ದೂರದಲ್ಲಿ ನಿಂತಿದ್ದರು. ‘ಅವರನ್ನೇ ಕೇಳಿ’ ಎಂದೆ. ಆತ ಕೇಳಲಿಲ್ಲ. ಮಾವನೇ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಹೆಸರೆತ್ತಿ, ಇಂಥ ತಾರತಮ್ಯಕ್ಕೆ ಅದರಲ್ಲಿ ಅವಕಾಶವಿಲ್ಲ ಎಂದು ಶಾಂತವಾಗಿ ಹೇಳಿದರು. ಮುಂಗಡದ ಮಾತು ನಿಂತಿತು, ಬಾಡಿಗೆ ಮಾತ್ರ ಇಳಿಯಲಿಲ್ಲ. ರಾತ್ರಿಯಾಗಿತ್ತು, ಕೊಟ್ಟೆವು. ಆ ಎ.ಸಿ. ಕೆಲಸ ಮಾಡುತ್ತಿರಲಿಲ್ಲ. ನೀವು ಹೋಗುವುದಾದರೆ ಯಾವ ಮಹಡಿ, ಎಷ್ಟು ಬಾಡಿಗೆ ಎಂಬುದನ್ನು ವಾಟ್ಸ್‌ಆ್ಯಪ್‌ನಲ್ಲಿ ಬರೆಸಿಕೊಂಡೇ ಹೊರಡಿ. ಬಾಯಿಮಾತನ್ನು ನಂಬಬೇಡಿ.

ಪ್ರಧಾನಾಲಯ ಬಿ.ಎಚ್. ರಸ್ತೆಯಲ್ಲಿದೆ, ಆಟೊದವರಿಗೆ ವಿಳಾಸ ಹೇಳಬೇಕಾಗಿಲ್ಲ. 1988ರಲ್ಲಿ ಚಿಕ್ಕಮಗಳೂರಿನಿಂದ ಬೇರ್ಪಟ್ಟ ಶಿವಮೊಗ್ಗ ಧರ್ಮಕ್ಷೇತ್ರದ (ಬಿಷಪ್ಪರ ಆಡಳಿತ ಪ್ರದೇಶದ) ಮುಖ್ಯ ದೇವಾಲಯ ಇದು. ರೋಮನ್ ಮತ್ತು ಗೋಥಿಕ್ ಶೈಲಿಗಳು ಬೆರೆತ ಬಹಳ ದೊಡ್ಡ ಕಟ್ಟಡ. ಜನಜಂಗುಳಿ ನನಗೆ ಹಿಡಿಸುತ್ತದೆ, ಅದರಲ್ಲೂ ಸಾವಿರ ಬಾಯಿಗಳು ಒಟ್ಟಿಗೆ ಉತ್ತರ ಹೇಳುವ ಪೂಜೆ. ನಿಮಗೆ ಗದ್ದಲ ಆಗದಿದ್ದರೆ ಬೆಳಗಿನ ಮೊದಲ ಪೂಜೆಗೆ ಹೋಗಿ. ಕನ್ನಡದ ಪೂಜೆ ಎಷ್ಟು ಹೊತ್ತಿಗೆ ಎಂದು ಹಿಂದಿನ ದಿನವೇ ಕೇಳಿಟ್ಟುಕೊಳ್ಳಿ, ಮುಂದಿನ ಸಾಲುಗಳಲ್ಲಿ ಕುಳಿತುಕೊಳ್ಳಿ.

ನಾವು ಹೋದ ಪೂಜೆಯಲ್ಲಿ ಪಾಠವನ್ನು ಪೂರ್ತಿ ಓದಿದರು. ಗುಣವಾಗುವ ಸಂಗತಿ ಎರಡೇ ವಚನಗಳಲ್ಲಿ ಮುಗಿದುಹೋಗುತ್ತದೆ. ಯೇಸು ನೆಲದ ಮೇಲೆ ಉಗುಳಿ, ಕೆಸರು ಮಾಡಿ, ಕಣ್ಣಿಗೆ ಹಚ್ಚಿ, ಸಿಲೋವ ಕೊಳಕ್ಕೆ ಹೋಗಿ ತೊಳೆದುಕೊ ಎನ್ನುತ್ತಾರೆ. ಉಳಿದದ್ದೆಲ್ಲ ಕಣ್ಣಿರುವವರ ಗೊಂದಲ. ದಿನವೂ ಅವನ ಮುಂದೆ ಓಡಾಡುತ್ತಿದ್ದ ನೆರೆಹೊರೆಯವರಲ್ಲೇ ಕೆಲವರಿಗೆ ಅವನ ಗುರುತು ಹತ್ತುವುದಿಲ್ಲ. ಭಿಕ್ಷೆಗೆ ಚಾಚಿದ ಕೈಯನ್ನು ಕಂಡಿದ್ದರೇ ಹೊರತು ಮುಖವನ್ನು ಅವರು ನೋಡಿರಲಿಲ್ಲ. ಯೆಹೂದ್ಯರು ಕೆಲಸ ಮಾಡದ ಸಬ್ಬತ್ ದಿನದಲ್ಲಿ ಈ ಕೆಲಸ ಹೇಗೆ ನಡೆಯಿತು ಎಂದು ಫರಿಸಾಯರು ತಂದೆತಾಯಿಯನ್ನು ಕರೆಸುತ್ತಾರೆ. ಅವರು ಹೆದರಿಕೆಯಿಂದ, ‘ಅವನು ಪ್ರಾಯದವನು, ಅವನನ್ನೇ ಕೇಳಿರಿ’ ಎನ್ನುತ್ತಾರೆ. ಆ ಮಾತು ಬಂದಾಗ ಮಾವ ನನ್ನ ಮುಂಗೈಯನ್ನು ಒತ್ತಿದರು.

ಈ ಅಧ್ಯಾಯದಲ್ಲಿ ಎರಡು ನಡಿಗೆಗಳಿವೆ ಎಂದು ಮಾವ ಆಮೇಲೆ ಬಿಡಿಸಿ ಹೇಳಿದರು. ಗುಣವಾದವನು ಮೊದಲು ‘ಯೇಸು ಎಂಬ ಆ ಮನುಷ್ಯ’ ಎನ್ನುತ್ತಾನೆ, ಆಮೇಲೆ ‘ಪ್ರವಾದಿ’ ಎನ್ನುತ್ತಾನೆ, ಆಮೇಲೆ ‘ದೇವರಿಂದ ಬಂದವರು’ ಎಂದು ವಾದಿಸಿ ಹೊರದಬ್ಬಿಸಿಕೊಳ್ಳುತ್ತಾನೆ. ಕಡೆಗೆ ‘ಪ್ರಭೂ, ವಿಶ್ವಾಸಿಸುತ್ತೇನೆ’ ಎಂದು ಅಡ್ಡಬೀಳುತ್ತಾನೆ. ತನಗೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಅವನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳುತ್ತಾನೆ. ಫರಿಸಾಯರು ಮತ್ತೆ ಮತ್ತೆ ‘ನಮಗೆ ಗೊತ್ತು’ ಎನ್ನುತ್ತಾರೆ. ಆದ್ದರಿಂದಲೇ ಅವರಿಗೆ ಸಿಗುವ ಉತ್ತರ ಅಷ್ಟು ಕಠಿಣ: ನೀವು ಕುರುಡರಾಗಿದ್ದರೆ ನಿಮ್ಮಲ್ಲಿ ಪಾಪ ಇರುತ್ತಿರಲಿಲ್ಲ, ‘ನಮಗೆ ಕಾಣುತ್ತದೆ’ ಎನ್ನುತ್ತೀರಿ, ಆದ್ದರಿಂದ ನಿಮ್ಮ ಪಾಪ ಉಳಿದಿದೆ. ಕಣ್ಣು ಕಾಣದಿರುವುದನ್ನು ಪಾಪಕ್ಕೆ ಹೋಲಿಸಿ ಬೋಧನೆ ಮಾಡುವವರು ಈ ವಚನವನ್ನು ನಿಧಾನವಾಗಿ ಓದಬೇಕು ಎಂಬುದು ಮಾವನ ಆಗ್ರಹ. ಯೇಸು ಬೈದದ್ದು ಕುರುಡನನ್ನಲ್ಲ.

ಸಿಲೋವದ ಬಗ್ಗೆಯೂ ಅವರಿಗೆ ತಮ್ಮದೇ ವಿಚಾರವಿದೆ. 2004ರಲ್ಲಿ ಜೆರುಸಲೇಮಿನಲ್ಲಿ ಚರಂಡಿ ಕೊಳವೆಯ ಕೆಲಸ ನಡೆಯುವಾಗ ಆ ಕೊಳದ ಕಲ್ಲಿನ ಮೆಟ್ಟಿಲುಗಳು ಹೊರಬಂದವು. ‘ಕೆಸರು ಮೆತ್ತಿದ ಕಣ್ಣಿನಲ್ಲೇ ಅವನು ಅಲ್ಲಿಗೆ ನಡೆದ. ಯಾರಾದರೂ ಕೈಹಿಡಿದು ಕರೆದುಕೊಂಡು ಹೋದರೆಂದು ಬರೆದಿಲ್ಲ. ನೀರಿಗೆ ಇಳಿಯುವಾಗಲೂ ಕುರುಡನೇ. ಕಂಡ ಮೇಲೆ ನಂಬಿದವನಲ್ಲ, ಮಾತು ನಂಬಿ ಮೆಟ್ಟಿಲು ಇಳಿದವನು’ ಎಂದರು ಮಾವ. ಹಿಂದಿನ ರಾತ್ರಿ ಮೆಟ್ಟಿಲಿನ ನೆಪ ಹೇಳಿ ದುಡ್ಡು ಕಿತ್ತವರ ಮೇಲೆ ನನಗಿದ್ದ ಸಿಟ್ಟು ಇದನ್ನು ಕೇಳಿದ ಮೇಲೂ ಇಳಿಯಲಿಲ್ಲ. ಇಳಿಯಬೇಕಾಗಿಯೂ ಇಲ್ಲ.

ಎಲ್ಲಕ್ಕಿಂತ ನನ್ನ ಮನಸ್ಸಿಗೆ ನಾಟಿದ್ದು ಪೂಜೆ ಮುಗಿದು ಹೊರಗೆ ರಸ್ತೆಬದಿಯಲ್ಲಿ ಚಹಾ ಕುಡಿಯುವಾಗ ನಡೆದದ್ದು. ಅದೇ ಪೂಜೆಯಿಂದ ಬಂದ ಹಿರಿಯ ಮಹಿಳೆಯೊಬ್ಬರು ಮಾವನನ್ನು ನೋಡಿ ಮರುಗಿ, ನನ್ನ ಕಡೆ ತಿರುಗಿ, ‘ಹಿರಿಯರು ಯಾರಾದರೂ ಏನಾದರೂ ಮಾಡಿದ್ದರೇ? ಶಾಪ ಕಳೆಯುವ ಪ್ರಾರ್ಥನೆ ಮಾಡಿಸಿ, ಕಣ್ಣು ಬರುತ್ತದೆ’ ಎಂದರು. ಶಿಷ್ಯರು ಕೇಳಿದ್ದೂ ಇದನ್ನೇ. ‘ಇವನೂ ಪಾಪ ಮಾಡಲಿಲ್ಲ, ಇವನ ತಂದೆತಾಯಿಯೂ ಮಾಡಲಿಲ್ಲ’ ಎಂಬ ಉತ್ತರವನ್ನು ಅವರು ಕಿವಿಯಾರೆ ಕೇಳಿ ಒಂದು ಗಂಟೆಯೂ ಆಗಿರಲಿಲ್ಲ. ಮಾವ ಲೋಟ ಕೆಳಗಿಟ್ಟು, ‘ಅಮ್ಮಾ, ಮೂರನೆಯ ವಚನ ಇನ್ನೊಮ್ಮೆ ಓದಿ’ ಎಂದಷ್ಟೇ ಹೇಳಿದರು. ಆ ಬೆಳಗಿನ ಮೊದಲ ವಾಚನವೂ ದಾವೀದನ ಅಭಿಷೇಕದ್ದೇ: ಮನುಷ್ಯರು ಹೊರಗಿನ ರೂಪ ನೋಡುತ್ತಾರೆ, ಸರ್ವೇಶ್ವರ ಹೃದಯವನ್ನು ನೋಡುತ್ತಾರೆ. ವಿಶ್ವಾಸ ಇರುವವರೇ ವಿಶ್ವಾಸದ ಮಾತಿಗೆ ಹೀಗೆ ಕಿವಿ ಮುಚ್ಚಿಕೊಂಡರೆ, ಹೊರಗಿನವರನ್ನು ಕುರುಡರೆಂದು ಕರೆಯಲು ನಮಗೇನು ಹಕ್ಕು?

ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಈ ಕಡೆ ಖಾಸಗಿ ಬಸ್ಸುಗಳೇ ಹೆಚ್ಚು. ಸರ್ಕಾರಿ ಸಾರಿಗೆಯ ಪಾಸು, ಹೆಂಗಸರ ಶಕ್ತಿ ಯೋಜನೆ ಯಾವುದೂ ಅವುಗಳಲ್ಲಿ ನಡೆಯುವುದಿಲ್ಲ. ಚಿಲ್ಲರೆ ಇಟ್ಟುಕೊಳ್ಳಿ. ನಾವು ಹತ್ತಿದ ಬಸ್ಸಿನಲ್ಲಿ ಕಿವಿ ಕಿತ್ತುಹೋಗುವಷ್ಟು ಜೋರಾಗಿ ಚಿತ್ರಗೀತೆ ಹಾಕಿದ್ದರು. ನಿಮಗೆ ಅದು ಕಿರಿಕಿರಿ, ಅಷ್ಟೇ. ಕಿವಿಯಿಂದಲೇ ದಾರಿ ತಿಳಿಯುವವರಿಗೆ ಅದು ಕಣ್ಣಿಗೆ ಬಟ್ಟೆ ಕಟ್ಟಿದಂತೆ. ಗಾಜನೂರು, ಸಕ್ರೆಬೈಲು, ಮಂಡಗದ್ದೆ ಯಾವ ಊರು ಬಂದದ್ದೂ ಮಾವನಿಗೆ ತಿಳಿಯಲಿಲ್ಲ. ಸದ್ದು ಕಡಿಮೆ ಮಾಡಿ ಎಂದರೆ ನಿರ್ವಾಹಕ ನಕ್ಕ. ಟಿಕೆಟ್ ಕೊಡುವಾಗ ‘ಇವರು ಎಲ್ಲಿ ಇಳಿಯುತ್ತಾರೆ?’ ಎಂದು ನನ್ನನ್ನು ಕೇಳಿದ. ಈ ಸಲ ಮಾವನೇ, ‘ನಾನು ಪ್ರಾಯದವನು, ನನ್ನನ್ನೇ ಕೇಳಪ್ಪ’ ಎಂದರು. ಸಾಧ್ಯವಾದರೆ ಸರ್ಕಾರಿ ಬಸ್ಸಿಗೇ ಕಾಯಿರಿ, ತಡವಾದರೂ ಸರಿ.

ತೀರ್ಥಹಳ್ಳಿಯಲ್ಲಿ ಬಸ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಸಿಗುವ ಒಂದು ಪುಟ್ಟ ಹೋಟೆಲಿನ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಫಲಕವಿಲ್ಲ, ನಾಲ್ಕು ಮೇಜು, ಗಲ್ಲಾಪೆಟ್ಟಿಗೆಯ ಮೇಲೆ ಮಂಜುನಾಥಸ್ವಾಮಿಯ ಪಟ. ಬೆಳಿಗ್ಗೆ ಬಿಸಿ ಕಡುಬು, ಕಾಯಿಚಟ್ನಿ. ಮಧ್ಯಾಹ್ನ ಬಾಳೆಎಲೆ ಊಟಕ್ಕೆ 70 ರೂಪಾಯಿ: ಕುಚ್ಚಲಕ್ಕಿ ಅನ್ನ, ಒಂದೆಲಗದ ತಂಬುಳಿ, ಎಳೆ ಹಲಸಿನ ಪಲ್ಯ, ಸಾರು, ಹಪ್ಪಳ, ಕಡೆಗೆ ದಪ್ಪ ಮಜ್ಜಿಗೆ. ಅಪ್ಪೆಮಿಡಿಯ ಕಾಲವಾದ್ದರಿಂದ ಹೊಸ ಮಿಡಿ ಉಪ್ಪಿನಕಾಯಿ ಬೇರೆ; ಕಚ್ಚಿದರೆ ಮೂಗಿನವರೆಗೂ ಪರಿಮಳ ಏರುತ್ತದೆ. ಬಡಿಸುವ ಅಮ್ಮ ಬಂದವರೇ ಮಾವನ ಎದುರು ನಿಂತು, ‘ಅಣ್ಣಾ, ಉಪ್ಪಿನಕಾಯಿ ಎಲೆಯ ಎಡತುದಿಗೆ ಹಾಕಿದ್ದೇನೆ, ಪಲ್ಯ ಬಲಗಡೆ ಮೇಲೆ, ತಂಬುಳಿ ಲೋಟದಲ್ಲಿದೆ, ನಿಮಗೆ ಖಾರ ಆಗುತ್ತದೆಯೇ?’ ಎಂದು ಕೇಳಿದರು. ನನ್ನ ಕಡೆ ನೋಡಲೂ ಇಲ್ಲ. ಎರಡನೇ ಸಲ ಅನ್ನ ಬೇಕೇ ಎಂದು ಕೇಳಿದ್ದೂ ಅವರನ್ನೇ, ಹಣ ಪಡೆದು ಚಿಲ್ಲರೆಯನ್ನು ಎಣಿಸಿ ಕೊಟ್ಟದ್ದೂ ಅವರ ಅಂಗೈಗೇ. ಅಷ್ಟೂ ದಿನಗಳಲ್ಲಿ ಮಾವನನ್ನು ನಿಜವಾಗಿ ನೋಡಿದವರು ಆಕೆ. ಶುಭಸಂದೇಶ ಹೇಳುವ ನೋಟ ಎಂಥದ್ದು ಎಂದು ನನಗೆ ತಿಳಿದದ್ದು ಆ ಎಲೆಯ ಮುಂದೆ. ರಾತ್ರಿ ಎಂಟಕ್ಕೆ ಮುಚ್ಚುತ್ತಾರೆ, ಬೇಗ ಹೋಗಿ.

ಮರುದಿನ ಮುಂಜಾನೆ ತುಂಗೆಯ ದಡಕ್ಕೆ ಹೋದೆವು. ಮಾರ್ಚ್ ಆಗಿದ್ದರೂ ಹೊಳೆಯ ಮೇಲೆ ಮಂಜು ಕವಿದಿತ್ತು. ಏನು ಕಾಣುತ್ತಿದೆ ಎಂದು ಮಾವ ಕೇಳಿದರು. ಸ್ನಾನಕ್ಕೆ ಇಳಿದವರು ಜನರೋ ಮರಗಳೋ ತಿಳಿಯುತ್ತಿಲ್ಲ ಎಂದೆ. ಅವರು ಜೋರಾಗಿ ನಕ್ಕರು. ಮಾರ್ಕನ ಎಂಟನೇ ಅಧ್ಯಾಯದಲ್ಲಿ ಬೆತ್ಸಾಯಿದದ ಕುರುಡನೂ ಮೊದಲು ಹೇಳಿದ್ದು ಹೀಗೆಯೇ: ಜನರು ಮರಗಳ ಹಾಗೆ ಕಾಣುತ್ತಾರೆ, ಆದರೆ ನಡೆದಾಡುತ್ತಿದ್ದಾರೆ. ಯೇಸು ಎರಡನೇ ಸಲ ಕೈಯಿಟ್ಟ ಮೇಲೆಯೇ ಅವನಿಗೆ ಸ್ಪಷ್ಟವಾಗಿ ಕಂಡದ್ದು. ಅರ್ಧ ಕಂಡಿದ್ದಾಗ ‘ಸಾಕು, ಕಾಣುತ್ತದೆ’ ಎಂದು ಅವನು ಎದ್ದುಹೋಗಲಿಲ್ಲ, ಅದಕ್ಕೇ ಪೂರ್ತಿ ಕಂಡಿತು ಎಂದರು ಮಾವ. ಜ್ಞಾನಸ್ನಾನವಾಯಿತು, ಭಾನುವಾರದ ಪೂಜೆ ತಪ್ಪಿಸುವುದಿಲ್ಲ ಎಂದು ನೆಮ್ಮದಿಯಾಗಿರುವ ನಮ್ಮಂಥವರಿಗೆ ಎರಡನೇ ಸಲದ ಆ ಕೈ ಇನ್ನೂ ಬೇಕಾಗಿದೆ ಎಂದೇ ನಾನು ನಂಬುತ್ತೇನೆ.

ಆಗುಂಬೆಗೂ ಹೋದೆವು, ಸೂರ್ಯಾಸ್ತ ಕಾಣಲಿಲ್ಲ, ಅದರ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಬೇಸಿಗೆಯಲ್ಲಿ ಈ ಜಿಲ್ಲೆಯ ಕಾಡಂಚಿಗೆ ಹೋಗುವವರು ಮಂಗನ ಕಾಯಿಲೆಯನ್ನು ಮರೆಯಬಾರದು. ಅದು ಹರಡುವುದು ಉಣ್ಣೆ ಎಂಬ ರಕ್ತ ಹೀರುವ ಪುಟ್ಟ ಹುಳುಗಳಿಂದ. ಮೈತುಂಬ ಬಟ್ಟೆ ಹಾಕಿ, ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಜೋಗವನ್ನು ಇದೇ ಪ್ರವಾಸಕ್ಕೆ ಸೇರಿಸುವುದು ದಂಡ. ನೀರನ್ನು ಲಿಂಗನಮಕ್ಕಿ ಅಣೆಕಟ್ಟು ಹಿಡಿದಿಡುವುದರಿಂದ ಮಾರ್ಚ್‌ನಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ, ಮಾವನಂಥವರಿಗೆ ಕೇಳಲು ಸದ್ದೂ ಇರುವುದಿಲ್ಲ. ಅದಕ್ಕೆ ಮಳೆಗಾಲದಲ್ಲಿ ತಾಳಗುಪ್ಪದ ರೈಲು ಹಿಡಿಯಿರಿ. ಆಗಸ್ಟ್‌ನಲ್ಲಿ ಹೋಗೋಣ ಎಂದು ಮಾವ ಈಗಾಗಲೇ ಹೇಳಿಟ್ಟಿದ್ದಾರೆ.